ಸ್ವಿಚ್ ಯಾರ ಕೈಲಿ?

ಆರ್‌ಸಿ ಟ್ರಾನ್ಸ್‌ಮಿಟರ್‌ಗಳ ಹಿಂಬದಿಯಲ್ಲಿ ಸಾಮಾನ್ಯವಾಗಿ ಒಂದು ಸಣ್ಣ ಕಿಂಡಿ ಇರುತ್ತೆ, ಅದೇ ಟ್ರೈನರ್ ಪೋರ್ಟ್. ವಿಮಾನ ಹಾರಿಸೋದು ಕಲಿಸುವಾಗ ಗುರುವಿನ ಟ್ರಾನ್ಸ್‌ಮಿಟರ್‌ಗೂ ಶಿಷ್ಯನದ್ದಕ್ಕೂ ಇಲ್ಲಿಂದಲೇ ವೈರ್ ಎಳೀತಾರೆ. ಗುರು ಸ್ವಿಚ್ ಹಾಕಿದರೆ ಹಿಡಿತ ಶಿಷ್ಯನಿಗೆ, ತೆಗೆದರೆ ವಾಪಸ್ ಗುರುವಿಗೆ. ಆ ಶಿಷ್ಯನ ಜಾಗದಲ್ಲಿ ಒಂದು ಆರ್ಡುಯಿನೋ ಕೂರಿಸಿದರೆ? ಕಳೆದ ಸೆಮಿಸ್ಟರ್‌ನಲ್ಲಿ ನಾವು ನಾಲ್ವರು ಮಾಡಿದ್ದು ಇದನ್ನೇ.

ಕಾರಣ ಇತ್ತು. ನಮ್ಮಲ್ಲೊಬ್ಬನ ಊರು ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲ, ಸಂತಾನ ವೇಣುಗೋಪಾಲಸ್ವಾಮಿ ದೇವಸ್ಥಾನದಿಂದ ಹೆಸರಾದ ಊರು. ಅವನ ತಮ್ಮನಿಗೆ 13 ವರ್ಷ. ಹುಟ್ಟಿದಾಗಿನಿಂದ ಬೆರಳುಗಳಲ್ಲಿ ಹಿಡಿತ ಇಲ್ಲ, ಮುಂಗೈಯನ್ನು ಸ್ವಲ್ಪ ಅತ್ತಿತ್ತ ಆಡಿಸಬಲ್ಲ ಅಷ್ಟೇ. ಅಣ್ಣ ತಂದ ಆರ್‌ಸಿ ಕಾರನ್ನು ಬೇರೆ ಹುಡುಗರು ಓಡಿಸೋದನ್ನ ಜಗಲಿಯಲ್ಲಿ ಕೂತು ನೋಡ್ತಿದ್ದ.

ಟ್ರೈನರ್ ಪೋರ್ಟ್‌ಗೆ ಬೇಕಾದ ಸಿಗ್ನಲ್ ಪಿಪಿಎಂ. ಒಂದೊಂದು ಚಾನೆಲ್‌ಗೆ 1000ದಿಂದ 2000 ಮೈಕ್ರೋಸೆಕೆಂಡ್, ನಡುವೆ 1500. ಎಲ್ಲ ಚಾನೆಲ್ ಸಾಲಾಗಿ ಹೋದ ಮೇಲೆ ಒಂದು ಉದ್ದ ವಿರಾಮ, ಒಟ್ಟು ಸುಮಾರು 20 ಮಿಲಿಸೆಕೆಂಡ್, ಮತ್ತೆ ಮೊದಲಿಂದ. ಆರ್ಡುಯಿನೋ ಊನೋದ ಟೈಮರ್ 1 ಅನ್ನು 8ರಿಂದ ಭಾಗಿಸಿ ಓಡಿಸಿದರೆ ಅರ್ಧ ಮೈಕ್ರೋಸೆಕೆಂಡ್ ಲೆಕ್ಕ ಸಿಗುತ್ತೆ, ಧಾರಾಳ ಸಾಕು. 5 ವೋಲ್ಟನ್ನ ನೇರ ಕೊಡದೆ, 1 ಕಿಲೋಓಮ್ ಮತ್ತು 2 ಕಿಲೋಓಮ್ ರೆಸಿಸ್ಟರ್‌ಗಳಿಂದ 3.3ಕ್ಕೆ ಇಳಿಸಿದೆವು. ಎರಡರ ಗ್ರೌಂಡ್ ಸೇರಿಸಿದೆವು.

ಅಸಲಿ ಕೆಲಸ ಜಾಯ್‌ಸ್ಟಿಕ್‌ದು. ಪೂರ್ತಿ ಆಡಿಸಿದರೆ 0ಯಿಂದ 1023 ಬರಬೇಕು; ಅವನ ಮುಂಗೈಗೆ ಬರ್ತಿದ್ದದ್ದು 400ರಿಂದ 640. ಆ ಚಿಕ್ಕ ಅಂತರವನ್ನೇ 1000–2000ಕ್ಕೆ ಹಿಗ್ಗಿಸಿದೆವು. ಅಂಗಡಿ ಟ್ರಾನ್ಸ್‌ಮಿಟರ್ ಕೈಯನ್ನು ತನ್ನ ಅಳತೆಗೆ ಬಾ ಅನ್ನುತ್ತೆ. ನಡುವೆ ಮೈಕ್ರೋಕಂಟ್ರೋಲರ್ ಇದ್ದರೆ ಅಳತೆ ನಮ್ಮದು.

ಇಲ್ಲೊಂದು ಅಪಾಯ ಇದೆ, ಯಾರಾದರೂ ಮಾಡೋದಾದರೆ ನೆನಪಿರಲಿ. ಮುಖ್ಯ ಲೂಪ್ ಸಿಕ್ಕಿಹಾಕಿಕೊಂಡರೂ ಟೈಮರ್ ಇಂಟರಪ್ಟ್ ಹಳೇ ಥ್ರಾಟಲ್ ಬೆಲೆಯನ್ನೇ ಕಳಿಸ್ತಾ ಇರುತ್ತೆ. ರೇಡಿಯೋ ಸಂಪರ್ಕ ಸರಿಯಾಗೇ ಇರೋದರಿಂದ ರಿಸೀವರ್‌ನ ಫೇಲ್‌ಸೇಫ್‌ಗೆ ಗೊತ್ತೇ ಆಗಲ್ಲ, ಗಾಡಿ ಓಡ್ತಾನೇ ಇರುತ್ತೆ. ಅದಕ್ಕೆ 250 ಮಿಲಿಸೆಕೆಂಡ್‌ನ ವಾಚ್‌ಡಾಗ್ ಹಾಕಿದೆವು: ಲೂಪ್ ನಿಂತರೆ ಬೋರ್ಡ್ ರೀಸೆಟ್ ಆಗಿ, ಜಾಯ್‌ಸ್ಟಿಕ್ ನಡುವಿಗೆ ಬರೋವರೆಗೂ 1500 ಮಾತ್ರ ಹೋಗುತ್ತೆ.

ಹೆಮ್ಮರಗಾಲದಲ್ಲಿ ಮೊದಲ ದಿನ ಟ್ರಾನ್ಸ್‌ಮಿಟರ್ ನಾವು ಹಿಡಿದಿದ್ದೆವು. ಕಾರು ಗೋಡೆ ಹತ್ತಿರ ಹೋದಾಗಲೆಲ್ಲ ಸ್ವಿಚ್ ತೆಗೀತಿದ್ದೆವು. ಮೂರನೇ ಸಲಕ್ಕೆ ಅವನು ಕೇಳಿದ: “ಅಣ್ಣಾ, ಸ್ವಿಚ್ ನಿಮ್ ಕೈಲಿದ್ರೆ ಗಾಡಿ ಓಡಿಸ್ತಿರೋದು ನಾನಾ, ನೀವಾ?”

ನಮ್ಮ ಹತ್ರ ಉತ್ತರ ಇರಲಿಲ್ಲ. ಕಾಲೇಜಿಗೆ ವಾಪಸ್ ಬಂದು ಥ್ರಾಟಲ್‌ಗೆ ಒಂದು ಮಿತಿ ಹಾಕಿದೆವು. ಮೊಣಕೈಯಲ್ಲಿ ಒತ್ತುವಂಥ ದೊಡ್ಡ ಸ್ಟಾಪ್ ಬಟನ್ ಜೋಡಿಸಿದೆವು. ಮುಂದಿನ ವಾರ ಟ್ರಾನ್ಸ್‌ಮಿಟರ್‌ನ ಸ್ವಿಚ್ ಹಾಕಿ, ಜಗಲಿ ಮೇಲಿಟ್ಟು, ದೂರ ನಿಂತೆವು. ಕಾರು ಎರಡು ಸಲ ಗೋಡೆಗೆ ಗುದ್ದಿತು. ಎರಡು ಸಲವೂ ಅವನೇ ನಿಲ್ಲಿಸಿದ, ಅವನೇ ರಿವರ್ಸ್ ತಗೊಂಡ. ಅವರಮ್ಮ ಬಾಗಿಲಲ್ಲೇ ನಿಂತು ನೋಡ್ತಿದ್ದರು, ಒಂದು ಮಾತೂ ಆಡಲಿಲ್ಲ.

ಈಗ ಅವನಿಗೆ ಹಾರೋದು ಬೇಕಂತೆ! ಕಾರು 1500 ಅಂದರೆ ನಿಲ್ಲುತ್ತೆ, ವಿಮಾನ ನಿಲ್ಲಲ್ಲ. ಸ್ವಿಚ್ ಅವನ ಹತ್ತಿರವೇ ಇರಬೇಕು, ಬೀಳಲೂಬಾರದು. ಐಡಿಯಾ ಇರೋ ಜೂನಿಯರ್‌ಗಳು ಸಂಜೆ ಲ್ಯಾಬ್‌ಗೆ ಬನ್ನಿ, ಕೋಡ್ ತೋರಿಸ್ತೀವಿ.