ನರಿಕೊಂಬಿನಲ್ಲಿ ಕೇಳಿದ ಆಶೀರ್ವಾದ

ಬಿ. ಸಿ. ರೋಡಿನಲ್ಲಿ ಬಸ್ಸಿಳಿದು, ಪಾಣೆಮಂಗಳೂರಿನ ಸೇತುವೆಯನ್ನು ದಾಟಿ, ನೇತ್ರಾವತಿಯ ತೆಂಕಣ ದಡದಲ್ಲಿ ಮೂಡುಮುಖವಾಗಿ ನಡೆದರೆ ನರಿಕೊಂಬು ಗ್ರಾಮವು ಸಿಕ್ಕುವುದು. ಕಂಗು ತೆಂಗುಗಳ ತೋಟ, ಮುರಕಲ್ಲಿನ ಗೋಡೆ, ಹೆಂಚಿನ ಮಾಡು. ನೋಡುವುದಕ್ಕೆ ಇದಕ್ಕಿಂತ ಹೆಚ್ಚೇನನ್ನೂ ನಾವು ವಾಚಕರಿಗೆ ಹೇಳಲಾರೆವು. ನಾವು ಹೋದುದು ಜೂನ್ ತಿಂಗಳಲ್ಲಿ. ಹೊಳೆಯು ಕೆಂಪೇರಿ ಹರಿಯುತ್ತಿತ್ತು. ಈ ದಡದ ಹಿರಿಯರು ಏರುವ ನೀರನ್ನು ಕಂಡೊಡನೆ 1923ರ ಮಾರಿಬೊಳ್ಳವನ್ನೂ 1974ರ ನೆರೆಯನ್ನೂ ಹೆಸರಿಸದೆ ಇರಲಾರರು.

ನಮ್ಮನ್ನು ಕರೆಯಿಸಿದವನು ನಮ್ಮ ಹಳೆಯ ಶಿಷ್ಯ, ಕ್ಯಾಥೊಲಿಕ ಮನೆತನದ ಅಡಿಕೆ ಕೃಷಿಕ. ಶಾಲೆಯಲ್ಲಿದ್ದಾಗಲೂ ಪ್ರಶ್ನೆ ಕೇಳಿದರೆ ನೆಲವನ್ನು ನೋಡುತ್ತಿದ್ದ ಮಿತಭಾಷಿ. ಅವನ ಮಗಳು ಪಿಯುಸಿ ತೇರ್ಗಡೆಯಾಗಿ, ದಾದಿಯರ ಶಿಕ್ಷಣಕ್ಕಾಗಿ ಮರುದಿನ ಬೆಂಗಳೂರಿಗೆ ಹೊರಡುವವಳಿದ್ದಳು.

ಮನೆಯಲ್ಲಿ ಕೊಂಕಣಿ, ಗದ್ದೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಇದು ಈ ಜನರ ಭಾಷಾಕ್ರಮ. ಸಂಜೆ ಜಪಮಾಲೆಯ ಪ್ರಾರ್ಥನೆ ಮುಗಿದೊಡನೆ ಮಕ್ಕಳು ಹಿರಿಯರ ಮುಂದೆ ಕೈಮುಗಿದು ‘ಬೆಸಾಂವ್’ ಬೇಡುವ ಪದ್ಧತಿ ಇವರಲ್ಲಿ ಬಹುಕಾಲದಿಂದ ಉಂಟು. ಆಶೀರ್ವಾದವೆಂಬ ಅರ್ಥದ ಈ ಶಬ್ದವು ಪೋರ್ತುಗೀಜ ಭಾಷೆಯಿಂದ ಬಂದುದು. ಇದೇ ಹೊಳೆಯ ಕೆಳದಂಡೆಯ ಫರಂಗಿಪೇಟೆಯಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳು ಮೋಂತೆ ಮರಿಯಾನೋ ದೇವಾಲಯವನ್ನು ಸ್ಥಾಪಿಸಿದ್ದು 1526ರಲ್ಲಿ ಎಂಬುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ. 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಬದುಕುಳಿದವರು ಮರಳಿದ್ದು 1799ರ ಅನಂತರ. ಆ 15 ವರ್ಷ ದೇವಾಲಯವಿಲ್ಲದೆ ಕಳೆದವರಿಗೆ ತಂದೆತಾಯಿಗಳ ಬಾಯಿಮಾತೇ ಆಧಾರವಾಗಿದ್ದಿರಬೇಕೆಂದು ನಮ್ಮ ಊಹೆ.

ಶಿಷ್ಯನು ಜಗಲಿಯಲ್ಲಿ ನಮ್ಮನ್ನು ಕೂರಿಸಿ, ಸಂಕೋಚದಿಂದ ವಿಷಯವನ್ನು ತೆಗೆದನು. ಅಮೆರಿಕದಲ್ಲಿರುವ ಬಂಧುವೊಬ್ಬನು ತಿಳಿಸಿದ್ದನಂತೆ: ಅಲ್ಲಿ ಕೆಲವು ಕ್ರೈಸ್ತ ಕುಟುಂಬಗಳಲ್ಲಿ ಮಕ್ಕಳು ಪ್ರೌಢಶಿಕ್ಷಣ ಮುಗಿಸಿದಾಗ ತಂದೆಯು ತಲೆಯ ಮೇಲೆ ಕೈಯಿಟ್ಟು, ತನ್ನದೇ ಮಾತುಗಳಿಂದ, ಎಲ್ಲರಿಗೂ ಕೇಳುವಂತೆ ಹರಸುತ್ತಾನೆ ಎಂದು.

“ದಿನಾಲೂ ನಾನು ಅವಳಿಗೆ ಹೇಳುವುದು ಒಂದೇ ಮಾತು, ಮಾಸ್ತರರೇ. ದೇವರು ಹರಸಲಿ ಅಂತ. ಕಣ್ಣು ಒಂದು ಕಡೆ, ಬಾಯಿ ಒಂದು ಕಡೆ. ದೊಡ್ಡವನು ಮಸ್ಕತ್ತಿಗೆ ಹೋಗುವಾಗಲೂ ಅಷ್ಟೇ ಹೇಳಿದೆ. ಅವನು ಈಗ ಫೋನಿನಲ್ಲಿ ತಾಯಿಯ ಹತ್ತಿರ ಮಾತ್ರ ಮಾತಾಡುತ್ತಾನೆ. ನೀವು ಸಂಸ್ಕೃತ ಬಲ್ಲವರು, ಒಂದು ನಾಲ್ಕು ಒಳ್ಳೆಯ ಮಾತು ಬರೆದುಕೊಡಿ.”

ಬರೆದುಕೊಡುವುದು ನಮಗೆ ಕಷ್ಟವಿರಲಿಲ್ಲ. ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯ 11ನೆಯ ಅನುವಾಕವೇ ಇದೆಯಲ್ಲ. ವೇದಾಧ್ಯಯನ ಮುಗಿಸಿದ ಶಿಷ್ಯನಿಗೆ ಆಚಾರ್ಯನು ಹೇಳುವ ಅನುಶಾಸನ. ಅದರಲ್ಲಿ ನಮಗೆ ಬಹಳ ಪ್ರಿಯವಾದುದು ಜನರು ಪದೇ ಪದೇ ಉದ್ಧರಿಸುವ ಆರಂಭದ ಮಾತಲ್ಲ. ಮುಂದೆ ಆಚಾರ್ಯನು ‘ನಮ್ಮಲ್ಲಿ ಒಳ್ಳೆಯ ನಡತೆಯಾವುದುಂಟೋ ಅದನ್ನು ಮಾತ್ರ ನೀನು ಅನುಸರಿಸು, ಉಳಿದುದನ್ನು ಬಿಡು’ ಎಂಬರ್ಥದಲ್ಲಿ ತನ್ನನ್ನೇ ತೂಗಿ ಹೇಳುವ ಮಾತು. ಇವರ ಆದಿಕಾಂಡದ 27ನೆಯ ಅಧ್ಯಾಯದಲ್ಲಿಯೋ, ಕಣ್ಣು ಮಂಜಾದ ಇಸಾಕನು ಏಸಾವನೆಂದು ಭ್ರಮಿಸಿ ಯಾಕೋಬನನ್ನು ಹರಸಿಬಿಡುತ್ತಾನೆ; ತಪ್ಪು ತಿಳಿದ ಮೇಲೂ ಆಡಿದ ಮಾತನ್ನು ಹಿಂತೆಗೆಯಲಾರನು. ಇದನ್ನೆಲ್ಲ ಹೇಳಿದೆವು. ಆದರೆ ಬರೆದುಕೊಡಲು ಒಪ್ಪಲಿಲ್ಲ. ನಾವು ನಮ್ಮ ಮಗನನ್ನು ಹೊರ ಊರಿಗೆ ಕಳುಹಿಸಿದಾಗ ನಿರ್ದೋಷವಾದ ಶ್ಲೋಕವೊಂದನ್ನು ಹೇಳಿ ಕಳುಹಿಸಿದ್ದೆವು. ಅವನಿಗೆ ಅದರ ಅರ್ಥ ತಿಳಿದಿರಲಿಲ್ಲ.

ದೀಪ ಹಚ್ಚಿ ಪ್ರಾರ್ಥನೆ ನಡೆಯಿತು. ನಾವು ಬಾಗಿಲ ಬಳಿ ಕುಳಿತೆವು. ಮಾಡಿನ ಮೇಲೆ ಮಳೆ ಹೊಯ್ಯುತ್ತಿತ್ತು. ಮುಗಿದಾಗ ಹುಡುಗಿಯು ಅಜ್ಜಿಯ ಬಳಿ, ತಾಯಿಯ ಬಳಿ, ಕಡೆಗೆ ತಂದೆಯ ಬಳಿ ಬಂದು ಕೈಮುಗಿದಳು. ಅವನು ಅವಳ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆಯ ಗುರುತನ್ನು ಎಳೆದನು. ವಾಡಿಕೆಯ ಮಾತನ್ನಾಡಿದನು. ಅವಳು ಎದ್ದು ಹೋಗುವವಳಿದ್ದಳು; ಅವನ ಕೈ ತಲೆಯ ಮೇಲಿಂದ ತೆಗೆಯಲಿಲ್ಲ. ಎಷ್ಟು ಹೊತ್ತೋ! ತಾಯಿಯು ನಮ್ಮತ್ತ ನೋಡಿದಳು. ನಾವು ನೆಲವನ್ನು ನೋಡಿದೆವು.

ಆಮೇಲೆ ಅವನು ಕೊಂಕಣಿಯಲ್ಲಿ, ತಡೆತಡೆದು, ಹೇಳಿದನು. ನಮಗೆ ತಿಳಿದಷ್ಟು ಇದು: ನಾನು ಮರದಿಂದ ಬಿದ್ದು ಮಲಗಿದ್ದಾಗ ನೀನು ಶಾಲೆಯಿಂದ ಬಂದು ಹಟ್ಟಿಯ ಕೆಲಸವನ್ನೆಲ್ಲ ಮಾಡಿದೆ, ನಾನು ಅದನ್ನು ಕಂಡಿದ್ದೇನೆ. ನಿನ್ನ ಕೈ ರೋಗಿಗಳಿಗೆ ತಂಪಾಗಲಿ. ನನ್ನ ಸಿಟ್ಟನ್ನು ಇಲ್ಲೇ ಬಿಟ್ಟುಹೋಗು. ಪರೀಕ್ಷೆಯಲ್ಲಿ ಸೋತರೆ, ಅಲ್ಲಿ ಆಗದಿದ್ದರೆ, ಯಾರನ್ನೂ ಕೇಳದೆ ಮನೆಗೆ ಬಾ. ಬಾಗಿಲಿಗೆ ಚಿಲಕ ಹಾಕುವುದಿಲ್ಲ.

ಹುಡುಗಿಯು ಅಳಲಿಲ್ಲ. ಅಳುತ್ತಿದ್ದವಳು ಅಜ್ಜಿ. ಉಪನಿಷತ್ತಿನ ಆಚಾರ್ಯನು ಆಡಿದುದನ್ನೇ ಇವನು ಸಿಟ್ಟಿನ ಹೆಸರೆತ್ತಿ ಆಡಿದನಲ್ಲ ಎಂದು ನಾವು ಬೆರಗಾಗಿರುವಷ್ಟರಲ್ಲಿ ಅವಳು ನಮ್ಮ ಮುಂದೆಯೂ ಬಂದು ಕೈಮುಗಿದು ನಿಂತಳು. ನಾಲಗೆಯ ತುದಿಗೆ ಬಂದ ಶ್ಲೋಕವನ್ನು ನಾವು ನುಂಗಿಕೊಂಡೆವು. “ಹೋಗಿ ಬಾ ಮಗಳೇ, ಊಟ ಬಿಡಬೇಡ” ಎಂದೆವು.

ರಾತ್ರಿ ಊಟಕ್ಕೆ ಸಾನ್ನವೂ ಬಾಳೆಹಣ್ಣೂ ನಮಗಾಗಿ ಬೇರೆಯೇ ಇಟ್ಟಿದ್ದರು. ಊಟವಾದ ಮೇಲೆ ಶಿಷ್ಯನು ಜಗಲಿಯ ಮೂಲೆಗೆ ಹೋಗಿ, ನಮಗೆ ಬೆನ್ನು ಮಾಡಿ, ಫೋನನ್ನು ಕಿವಿಗಿಟ್ಟುಕೊಂಡು ನಿಂತನು. ಮಸ್ಕತ್ತಿನಲ್ಲಿ ಆಗ ಇನ್ನೂ ರಾತ್ರಿ ಎಂಟೂವರೆಯಾಗಿರಲಿಲ್ಲ.