ನಲವತ್ತೊಂಬತ್ತು, ಐವತ್ತು, ಐವತ್ತೊಂದು

ಊರಿಗೆ ಹೋದಾಗಲೆಲ್ಲ ಜನ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ರಿಟೈರ್ ಆಗಿ ಇಷ್ಟು ವರ್ಷ ಆಯ್ತು, ಆ ದಿಲ್ಲಿಯಲ್ಲಿ ಕೂತು ಏನು ಮಾಡ್ತೀರಿ?" ಮಗಳ ಕೆಲಸ ಇಲ್ಲಿ, ಮೊಮ್ಮಕ್ಕಳ ಶಾಲೆ ಇಲ್ಲಿ ಅನ್ನುವ ಉತ್ತರ ಅವರಿಗೆ ಸಾಲದು. "ನಮ್ಮ ಕನ್ನಡ ಕೂಟದ ವೆಬ್‌ಸೈಟ್ ನೋಡ್ಕೋತೀನಿ" ಅಂದರೆ ನಗುತ್ತಾರೆ. ಎಂ.ಕಾಂ. ಓದಿ, ಮೂವತ್ತಾರು ವರ್ಷ ಲೆಡ್ಜರು, ಸಾಲ, ವಸೂಲಿ ಅಂತ ತಿರುಗಿದವನಿಗೂ ಕಂಪ್ಯೂಟರಿನ ಹೊಟ್ಟೆಯೊಳಗಿನ ಕೆಲಸಕ್ಕೂ ಏನು ಸಂಬಂಧ ಅಂತ. ಸಂಬಂಧ ಇದೆ. ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ದೊಡ್ಡ ಸಂಘವಲ್ಲ. ದೊಡ್ಡದು ಬೇಕಾದರೆ ರಾಮಕೃಷ್ಣಪುರಂನಲ್ಲಿ ದೆಹಲಿ ಕರ್ನಾಟಕ ಸಂಘ ಇದೆ, ಸ್ವಂತ ಕಟ್ಟಡ, ಸಭಾಂಗಣ ಎಲ್ಲ ಇದೆ. ನಾವಿರುವುದು ಯಮುನೆಯ ಈಚೆ ದಡದಲ್ಲಿ, ಇಂದಿರಾಪುರಂ, ವಸುಂಧರಾ, ನೋಯ್ಡಾದ ನಾಲ್ಕಾರು ಸೆಕ್ಟರುಗಳಲ್ಲಿ. ಟ್ರಾಫಿಕ್ ದಾಟಿ ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಅರ್ಧ ದಿನ ಮುಗಿಯುತ್ತದೆ. ಹಾಗಾಗಿ ಇಲ್ಲಿಯ ಕನ್ನಡಿಗರು ಸೇರಿಕೊಂಡು ಒಂದು ಕೂಟ ಮಾಡಿಕೊಂಡಿದ್ದೇವೆ. ಕಟ್ಟಡ ಇಲ್ಲ, ಬೋರ್ಡು ಇಲ್ಲ. ಇರುವುದು ಒಂದು ವೆಬ್‌ಸೈಟ್, ಅದು ಕೂತಿರುವ ಬಾಡಿಗೆಯ ಒಂದು ಸರ್ವರ್, ಅಷ್ಟೇ.

ಅದರ ಮೇಲೆ ಮೊದಲು ಇದ್ದದ್ದು ರಾಜ್ಯೋತ್ಸವದ ಫೋಟೋಗಳು, ಮಕ್ಕಳ ಕನ್ನಡ ಪಾಠ, ಯಾರ ಮನೆಯಲ್ಲಿ ಸತ್ಯನಾರಾಯಣ ಪೂಜೆ ಅನ್ನುವ ಸುದ್ದಿ. 2021ರ ಏಪ್ರಿಲ್‌ನಲ್ಲಿ ಕೊರೋನಾದ ಎರಡನೆಯ ಅಲೆ ದೆಹಲಿಗೆ ಬಡಿದಾಗ ಅದರ ಸ್ವರೂಪವೇ ಬದಲಾಯಿತು. ಆಕ್ಸಿಜನ್ ಸಿಲಿಂಡರಿಗಾಗಿ ಜನ ಸಾಲು ನಿಂತ ದಿನಗಳು ಅವು. ನಮ್ಮಲ್ಲಿ ಮಕ್ಕಳು ಅಮೆರಿಕದಲ್ಲೋ ಬೆಂಗಳೂರಿನಲ್ಲೋ ಇದ್ದು, ಇಲ್ಲಿ ಒಬ್ಬೊಬ್ಬರೇ ಉಳಿದ ಹಿರಿಯರು ಬಹಳ. ಅವರೆಲ್ಲರ ಪಟ್ಟಿ ಮಾಡಿದೆವು: ಮನೆ ನಂಬರು, ರಕ್ತದ ಗುಂಪು, ಇರುವ ಕಾಯಿಲೆ, ಬದಲಿ ಬೀಗದ ಕೈ ಯಾರ ಹತ್ತಿರ ಇದೆ, ಮಕ್ಕಳ ಫೋನು. ಅರ್ಧರಾತ್ರಿಯಲ್ಲಿ ಕರೆ ಬಂದರೆ ಸ್ವಯಂಸೇವಕ ಹುಡುಗರಿಗೆ ತಕ್ಷಣ ಸಿಗಬೇಕಲ್ಲ, ಅದಕ್ಕೆ ಆ ಪಟ್ಟಿಯನ್ನು ಅದೇ ಸರ್ವರಿನಲ್ಲಿ, ಹೊರಗಿನವರಿಗೆ ಕಾಣದ ಬೇರೆ ಜಾಗದಲ್ಲಿ ಇಟ್ಟೆವು. ಆ ಪಟ್ಟಿಯಿಂದ ಉಪಕಾರವಾದವರು ಇದ್ದಾರೆ. ಅದರಿಂದ ಗೆರೆ ಹೊಡೆದು ತೆಗೆಯಬೇಕಾಗಿ ಬಂದ ಹೆಸರುಗಳೂ ಇವೆ. ಆಮೇಲೆ ಮೂರನೆಯ ಅಲೆ ಬರುತ್ತದೆ ಅಂತ ಎಲ್ಲರೂ ಹೇಳುತ್ತಿದ್ದರಿಂದ ಪಟ್ಟಿ ಹಾಗೇ ಉಳಿದಿತ್ತು.

ಇಲ್ಲಿ ಸರ್ವರ್ ಅಂದರೆ ಏನು ಅಂತ ನನ್ನ ಭಾಷೆಯಲ್ಲಿ ಹೇಳಿಬಿಡುತ್ತೇನೆ. ಬ್ಯಾಂಕಿನ ಕೌಂಟರಿನಲ್ಲಿ ಕೂತ ಗುಮಾಸ್ತ ಅಂದುಕೊಳ್ಳಿ. ಬಂದವರು ಇಂಥ ಕಾಗದ ಬೇಕು ಅಂತಾರೆ, ಅವನು ಹಿಂದಿನ ಬೀರುವಿನಿಂದ ತೆಗೆದುಕೊಡುತ್ತಾನೆ. ಆ ಒಂದು ಬೀರು ಬಿಟ್ಟು ಬೇರೆ ಕಡೆ ಅವನು ಕೈ ಹಾಕಬಾರದು. ಮ್ಯಾನೇಜರ್ ಕೋಣೆಗೆ, ಸ್ಟ್ರಾಂಗ್ ರೂಮಿಗೆ ಹೋಗಲೇಬಾರದು. ನಮ್ಮ ಸರ್ವರಿನಲ್ಲಿ ಈ ಗುಮಾಸ್ತಿಕೆ ಮಾಡುತ್ತಿದ್ದದ್ದು ಅಪಾಚೆ ಎಂಬ ತಂತ್ರಾಂಶ.

ಅದಕ್ಕೆ ಮೂರು ಅಂಕಿಯ ಹೆಸರಿರುತ್ತದೆ: 2.4.49 ಅಂತ. ಮೊದಲಿನ 2.4 ಅನ್ನುವುದು ಮನೆತನ. 2012ರಿಂದ ಅದೇ ನಡೆದುಬಂದಿದೆ. ಕೊನೆಯ 49 ಅನ್ನುವುದು ರಿಪೇರಿಯ ಲೆಕ್ಕ. ಹಿಂದಿನ 2.2ರಿಂದ 2.4ಕ್ಕೆ ಬರುವುದೆಂದರೆ ಮನೆ ಬದಲಾಯಿಸಿದ ಹಾಗೆ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂಬ ನಿಯಮ ಬರೆಯುವ ರೀತಿಯೇ ಬೇರೆಯಾಯಿತು. 48ರಿಂದ 49ಕ್ಕೆ ಹೋಗುವುದು ಹಾಗಲ್ಲ. ಬರೆದಿಟ್ಟ ನಿಯಮಗಳು ಹಾಗೇ ಇರುತ್ತವೆ, ಒಳಗಿನ ತೂತುಗಳನ್ನಷ್ಟೇ ಮುಚ್ಚುತ್ತಾರೆ. ಬ್ಯಾಂಕಿನಲ್ಲಿ ಹೆಡ್ ಆಫೀಸಿನಿಂದ ಬರುತ್ತಿದ್ದ ಕರೆಕ್ಷನ್ ಸ್ಲಿಪ್ಪುಗಳು ನೆನಪಾಗುತ್ತವೆ. ನಿಯಮಪುಸ್ತಕದ ಇಂಥ ಪುಟದ ಇಂಥ ಪ್ಯಾರಾದ ಮೇಲೆ ಗೋಂದು ಹಚ್ಚಿ ಅಂಟಿಸಬೇಕು. ಅಂಟಿಸದ ಬ್ರಾಂಚಿನಲ್ಲಿ ಇನ್‌ಸ್ಪೆಕ್ಷನ್ ಬಂದಾಗ ಗೊತ್ತಾಗುತ್ತಿತ್ತು ಯಾಕೆ ಅಂಟಿಸಬೇಕಿತ್ತು ಅಂತ.

ಸರ್ವರಿನ ಕೈಕೆಲಸ ಮಾಡುತ್ತಿದ್ದವನು ಹಾವೇರಿ ಕಡೆಯ ಹುಡುಗ, ನೋಯ್ಡಾದ ಸೆಕ್ಟರ್ 62ರಲ್ಲಿ ಕೆಲಸ. ನನ್ನನ್ನು 'ಕಾಕಾ' ಅಂತಾನೆ. ಅವನು ಮಾಡುವವನು, ನಾನು ಪಕ್ಕದಲ್ಲಿ ಕೂತು ನೋಡಿ ರಿಜಿಸ್ಟರಿನಲ್ಲಿ ಬರೆಯುವವನು. ಬ್ಯಾಂಕಿನಲ್ಲಿ ಇದಕ್ಕೆ ಮೇಕರ್-ಚೆಕರ್ ಅಂತ ಹೆಸರು. 2021ರ ಸೆಪ್ಟೆಂಬರ್‌ನಲ್ಲಿ 2.4.49 ಬಂದಾಗ ತಡಮಾಡದೆ ಹಾಕಿಕೊಂಡೆವು. ಹಳೆಯದರಲ್ಲಿ ಗಂಭೀರವಾದ ತೂತುಗಳಿದ್ದವು, ಹಾಕಿಕೊಳ್ಳಲೇಬೇಕಿತ್ತು.

ಅಕ್ಟೋಬರ್ 4ರ ಸೋಮವಾರ ರಾತ್ರಿ ಫೇಸ್‌ಬುಕ್, ವಾಟ್ಸ್ಯಾಪ್ ಎಲ್ಲ ಆರೇಳು ಗಂಟೆ ಸತ್ತು ಮಲಗಿದ್ದು ನಿಮಗೆ ನೆನಪಿರಬಹುದು. ಅದಕ್ಕೂ ನಮ್ಮ ವಿಷಯಕ್ಕೂ ಸಂಬಂಧವಿಲ್ಲ. ಆದರೆ ಅದೇ 4ನೇ ತಾರೀಖು ಅಪಾಚೆಯವರು 2.4.50 ಬಿಟ್ಟರು. ಮಂಗಳವಾರ ಬೆಳಿಗ್ಗೆ ಹುಡುಗನ ಫೋನು.

"ಕಾಕಾ, ನಾವು ಹಾಕಿದ್ದ ನಲವತ್ತೊಂಬತ್ತರಾಗ ತೂತು ಐತ್ರಿ. ಮಂದಿ ಆಗ್ಲೇ ಅದನ್ನ ಬಳಸಾಕ ಹತ್ಯಾರಂತ. ಸಂಜಿ ಬರ್ತೀನ್ರಿ."

ತೂತು ಎಂಥದು ಅಂದರೆ, ಕಂಪ್ಯೂಟರಿನ ಭಾಷೆಯಲ್ಲಿ ಎರಡು ಚುಕ್ಕಿ, ಒಂದು ಓರೆಗೆರೆ ಹಾಕಿದರೆ 'ಈ ಕೋಣೆ ಬಿಟ್ಟು ಹೊರಗಿನ ಕೋಣೆಗೆ ಹೋಗು' ಎಂದರ್ಥ. ಹೊರಗಿನವರು ಹಾಗೆ ಬರೆದು ಕೇಳಿದರೆ ಗುಮಾಸ್ತ ಕೊಡಬಾರದು, ಕೊಡುತ್ತಲೂ ಇರಲಿಲ್ಲ. ಆದರೆ 49ರಲ್ಲಿ ವಿಳಾಸವನ್ನು ಓದುವ ಕ್ರಮ ಬದಲಾಯಿಸಿದಾಗ, ಒಂದು ಚುಕ್ಕಿಯನ್ನು ಚುಕ್ಕಿಯಾಗಿ ಬರೆಯದೆ ಅದರ ಸಂಕೇತದಲ್ಲಿ ಬರೆದರೆ ಅವನಿಗೆ ಗುರುತು ಸಿಗುತ್ತಿರಲಿಲ್ಲ. ಪೇಮೆಂಟ್ ನಿಲ್ಲಿಸಿ ಅಂತ ಕೊಟ್ಟ ಹೆಸರು ಇಂಗ್ಲಿಷಿನಲ್ಲಿದ್ದು, ಚೆಕ್ಕು ಕನ್ನಡದಲ್ಲಿ ಬಂದರೆ ಹೊಸ ಕ್ಯಾಷಿಯರ್ ಹಣ ಕೊಟ್ಟುಬಿಟ್ಟ ಹಾಗೆ. ಬೀರು ಬಿಟ್ಟು ಪಕ್ಕದ ಕೋಣೆಯ ಕಾಗದವೂ ಹೊರಗೆ ಹೋಗಬಹುದಿತ್ತು.

ನನಗೆ ತಕ್ಷಣ ನೆನಪಾದದ್ದು ಆ ಪಟ್ಟಿ. ಯಾವ ಮನೆಯಲ್ಲಿ ಎಪ್ಪತ್ತೆಂಟು ವರ್ಷದ ಹೆಂಗಸು ಒಬ್ಬರೇ ಇದ್ದಾರೆ, ಬೀಗದ ಕೈ ಯಾರಲ್ಲಿದೆ ಎಂಬುದೆಲ್ಲ ಅದರಲ್ಲಿದೆ. ಒಂಟಿ ಮುದುಕರ ಮನೆಗೆ ನುಗ್ಗಿದ ಸುದ್ದಿಯನ್ನು ಈ ಊರಿನ ಪೇಪರುಗಳಲ್ಲಿ ಎಷ್ಟು ಸಲ ಓದಿಲ್ಲ! ನಮ್ಮನ್ನು ನಂಬಿ ಕೊಟ್ಟವರು ಅವರು.

ಸಂಜೆ ಹುಡುಗ ಬಂದ. ನಮ್ಮ ಕ್ರಮ ಹೀಗೆ: ಮೊದಲು ಇದ್ದದ್ದರ ಪ್ರತಿ ತೆಗೆದಿಡುವುದು. ಆಮೇಲೆ ಹೊಸದರ ಜೊತೆ ಬರುವ ಬದಲಾವಣೆಗಳ ಪಟ್ಟಿಯನ್ನು ಪೂರ್ತಿ ಓದುವುದು. ಮೂರನೆಯದು, ಇಳಿಸಿಕೊಂಡ ಕಡತ ನಿಜವಾಗಿ ಅಪಾಚೆಯವರದೇ ಅಂತ ಅವರ ಡಿಜಿಟಲ್ ಸಹಿಯನ್ನು ತಾಳೆ ನೋಡುವುದು. ಬ್ಯಾಂಕಿನಲ್ಲಿ ಮಾದರಿ ಸಹಿಯ ಕಾರ್ಡು ತೆಗೆದು ನೋಡುತ್ತಿದ್ದೆವಲ್ಲ, ಅದೇ. ನಾಲ್ಕನೆಯದು, ನಮ್ಮ ನಿಯಮಗಳನ್ನು ಹೊಸದು ಸರಿಯಾಗಿ ಓದುತ್ತದೆಯೇ ಅಂತ ಪರೀಕ್ಷೆ. 'ಸಿಂಟ್ಯಾಕ್ಸ್ ಓಕೆ' ಅಂತ ಬಂದ ಮೇಲೆ ಹಳೆಯದನ್ನು ಪೂರ್ತಿ ನಿಲ್ಲಿಸಿ ಹೊಸದನ್ನು ಶುರು ಮಾಡುವುದು. ಸುಮ್ಮನೆ ನಿಯಮಗಳನ್ನು ಮತ್ತೆ ಓದಿಸಿದರೆ ಹಳೆಯ ಗುಮಾಸ್ತನೇ ಕುರ್ಚಿಯಲ್ಲಿ ಉಳಿದಿರುತ್ತಾನೆ. ಕೊನೆಗೆ ಈಗ ಓಡುತ್ತಿರುವ ನಂಬರು ಯಾವುದು ಅಂತ ಕೇಳಿ, 2.4.50 ಅಂತ ಬಂದದ್ದನ್ನು ರಿಜಿಸ್ಟರಿನಲ್ಲಿ ಬರೆದು ಇಬ್ಬರೂ ಸಹಿ. ಸೈಟು ನಿಂತದ್ದು ಒಂದು ನಿಮಿಷವೂ ಇಲ್ಲ.

ಅದಾದ ಮೇಲೆ ಲಾಗ್ ತೆಗೆದೆವು. ಯಾರು ಯಾವಾಗ ಏನು ಕೇಳಿದರು ಅನ್ನುವ ಡೇಬುಕ್ಕು ಅದು. ಕಣ್ಣು ಕಿರಿದು ಮಾಡಿಕೊಂಡು ಸಾಲು ಸಾಲು ಓದಿದೆವು. ಅದೇ ಮಧ್ಯಾಹ್ನ ಎಲ್ಲಿಂದಲೋ ಬಂದ ಮೂರು ಕೋರಿಕೆಗಳು ಇದ್ದವು, ಅದೇ ಸಂಕೇತದ ಚುಕ್ಕಿಗಳ ಜೊತೆ. ನನ್ನ ಎದೆ ಹೊಡೆದುಕೊಂಡಿತು. ಮೂರಕ್ಕೂ ಎದುರಿಗೆ 403 ಎಂದು ಬರೆದಿತ್ತು. ಅಂದರೆ 'ಅನುಮತಿ ಇಲ್ಲ'. ಕಾರಣ, ಅಪಾಚೆಯ ಜೊತೆಗೇ ಬರುವ ನಿಯಮಗಳಲ್ಲಿ ಒಂದು ಸಾಲಿದೆ: ಮೊದಲು ಎಲ್ಲ ಕೋಣೆಗೂ ಬೀಗ, ಆಮೇಲೆ ಬೇಕಾದ್ದಕ್ಕೆ ಮಾತ್ರ ಅನುಮತಿ. ಆ ಸಾಲು ನಮ್ಮಲ್ಲಿ ಹಾಗೇ ಇತ್ತು. ಅದನ್ನು ಸಡಿಲ ಮಾಡಿಕೊಂಡವರಿಗೇ ಪೆಟ್ಟು ಬೀಳುವುದು. ಗುಮಾಸ್ತ ಮೋಸಹೋದರೂ ಬಾಗಿಲು ಮೋಸಹೋಗಲಿಲ್ಲ.

ಪಟ್ಟಿಯನ್ನು ಅವತ್ತು ರಾತ್ರಿಯೇ ಸರ್ವರಿನಿಂದ ತೆಗೆದೆವು. ಈಗ ಅದು ಎರಡು ಪುಸ್ತಕಗಳಲ್ಲಿದೆ, ಎರಡು ಮನೆಗಳಲ್ಲಿದೆ.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆವು. ಬುಧವಾರ ಮಹಾಲಯ ಅಮಾವಾಸ್ಯೆ, ಗುರುವಾರ 7ಕ್ಕೆ ನವರಾತ್ರಿ ಶುರು. ಅವತ್ತೇ ಅಪಾಚೆಯವರು 2.4.51 ಬಿಟ್ಟರು! ಐವತ್ತರಲ್ಲಿ ಹಾಕಿದ ತೇಪೆ ಸಾಲದೇ ಹೋಗಿತ್ತು. ಸಂಕೇತವನ್ನೇ ಇನ್ನೊಂದು ಸಲ ಸಂಕೇತದಲ್ಲಿ ಬರೆದರೆ ಮತ್ತೆ ಗುಮಾಸ್ತ ಮೋಸಹೋಗುತ್ತಿದ್ದ.

ಶುಕ್ರವಾರ ಕೂಟದ ಕಾರ್ಯದರ್ಶಿಗಳಿಗೆ ವಿಷಯ ಹೇಳಿದೆ. ಕೇಂದ್ರ ಸರ್ಕಾರದಲ್ಲಿ ದುಡಿದು ನಿವೃತ್ತರಾದವರು, ನನಗಿಂತ ಹಿರಿಯರು.

"ಏನ್ರಾಯರೇ, ಮೊನ್ನೆ ತಾನೆ ಮಾಡಿದ್ರಲ್ಲ? ನಾಳೆ ಸಂಜೆ ಮಕ್ಕಳ ಕಾರ್ಯಕ್ರಮ ಆನ್‌ಲೈನಲ್ಲಿ ಇಟ್ಕೊಂಡಿದೀವಿ. ಗೊಂಬೆ ಫೋಟೋ ಎಲ್ಲ ಹಾಕಿ ಆಗಿದೆ. ಈಗ ಕೈ ಹಾಕಿ ಕೆಟ್ಟುಹೋದ್ರೆ? ಹಬ್ಬ ಕಳೀಲಿ ಬಿಡಿ."

ಅವರ ಮಾತಿನಲ್ಲಿ ತಪ್ಪಿಲ್ಲ. ಮಾರ್ಚ್ ಕ್ಲೋಸಿಂಗ್ ದಿನ ಯಾವ ಮ್ಯಾನೇಜರೂ ಹೊಸ ಪದ್ಧತಿ ಶುರು ಮಾಡುವುದಿಲ್ಲ. ಮೊನ್ನೆ ಮಾಡಿದ್ದನ್ನೇ ಇವತ್ತು ಮತ್ತೆ ಮಾಡಬೇಕು ಅಂದರೆ ಮೊನ್ನೆಯ ಕೆಲಸದ ಮೇಲೇ ಅನುಮಾನ ಬರುತ್ತದೆ. ನಾನು ಹೇಳಿದೆ: "ಸಾರ್, ಪಟ್ಟಿ ತೆಗೆದಿದೀವಿ, ನಿಜ. ಆದ್ರೆ ಸದಸ್ಯರ ಪಾಸ್‌ವರ್ಡು, ಇಮೇಲು ಎಲ್ಲ ಅಲ್ಲೇ ಇದೆ. ಬಾಗಿಲ ಬೀಗ ಒಂದನ್ನೇ ನಂಬ್ಕೊಂಡು ಹತ್ತು ದಿನ ಕೂರೋದಕ್ಕೆ ನನಗೆ ಧೈರ್ಯ ಇಲ್ಲ. ರಾತ್ರಿ ಮಾಡ್ತೀವಿ. ಕೆಟ್ಟರೆ ಹಳೇ ಪ್ರತಿ ಇದೆ, ಐದು ನಿಮಿಷದಲ್ಲಿ ವಾಪಸ್." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತಪ್ಪ, ನಿಮ್ಮ ಜವಾಬ್ದಾರಿ" ಅಂದರು.

ರಾತ್ರಿ ಹನ್ನೊಂದಕ್ಕೆ ಮತ್ತೆ ಅದೇ ಕ್ರಮ: ಪ್ರತಿ, ಓದು, ಸಹಿ, ಪರೀಕ್ಷೆ, ನಿಲ್ಲಿಸು, ಶುರು. ರಿಜಿಸ್ಟರಿನಲ್ಲಿ ಒಂದೇ ಪುಟದಲ್ಲಿ ಎರಡು ಸಲ ಸಹಿ. ಮರುದಿನ ಮಕ್ಕಳು ಹಾಡಿದರು, ಕುಣಿದರು. ಕಾರ್ಯದರ್ಶಿಗಳ ಮೊಮ್ಮಗಳು ದೇವಿಯ ಸ್ತೋತ್ರ ಹೇಳಿದಳು. ಸರ್ವರಿನ ಮಾತು ಯಾರೂ ಎತ್ತಲಿಲ್ಲ. ಈ ಕೆಲಸ ಸರಿಯಾಗಿ ಆದರೆ ಯಾರಿಗೂ ಗೊತ್ತಾಗುವುದಿಲ್ಲ.

ಆಮೇಲೆ ಹುಡುಗನನ್ನು ಕೇಳಿದೆ: "ಅಲ್ಲ ಮಾರಾಯ, 48ರಲ್ಲೇ ಇದ್ದಿದ್ದರೆ ಈ ಗೋಳು ಇರ್ತಿರಲಿಲ್ಲ ಅಲ್ವ?" ಅವನ ಉತ್ತರ ನನ್ನ ಲೆಕ್ಕದ ಬುದ್ಧಿಗೆ ಹಿಡಿಸಿತು. 48 ಮತ್ತು ಅದರ ಹಿಂದಿನವುಗಳಲ್ಲಿ ಬೇರೊಂದು ದೊಡ್ಡ ತೂತು. ಒಂದು ಕಡೆ ಹೋಗಬೇಕಾದ ಕೋರಿಕೆಯನ್ನು ಹೊರಗಿನವರು ತಮಗೆ ಬೇಕಾದ ಕಡೆ ತಿರುಗಿಸಬಹುದಿತ್ತು. 49ಕ್ಕೆ ಬಂದವರು ಅದನ್ನು ಮುಚ್ಚಿಕೊಂಡು ಇನ್ನೊಂದನ್ನು ತೆರೆದುಕೊಂಡರು. ಹೊಸದನ್ನು ಹಾಕಿಕೊಂಡವನಿಗೆ ಒಂದು ಅಪಾಯ, ಹಳೆಯದರಲ್ಲೇ ಕೂತವನಿಗೆ ಇನ್ನೊಂದು. ಹಾಕಿ ಮರೆತುಬಿಡುವ ನಂಬರು ಯಾವುದೂ ಇಲ್ಲ. ನೋಡುತ್ತಾ ಇರುವ ಜನ ಬೇಕು, ಅಷ್ಟೇ.

ಇದು ನಮ್ಮ ಕಡೆಯವರಿಗೆ ಹೊಸ ಮಾತಲ್ಲ. ತೀರ್ಥಹಳ್ಳಿ ಸೀಮೆಯ ನಮ್ಮ ಮನೆಗೆ ಮಂಗಳೂರು ಹೆಂಚು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಬೇಕು. ಮಂಗ ಒಡೆದದ್ದು, ಜಾರಿದ್ದು ನೋಡಿ ಬದಲಾಯಿಸಬೇಕು. ಕೈಯಾಡಿಸಲು ಹತ್ತಿದವನ ಕಾಲಿಗೇ ಎರಡು ಹೆಂಚು ಒಡೆಯುವುದೂ ಉಂಟು. ಹಾಗಂತ ಹತ್ತದೆ ಬಿಟ್ಟವರಿಲ್ಲ. ಅಪ್ಪ ಇರುವವರೆಗೆ ಅದು ನಡೆಯಿತು. ನಾವು ಅಣ್ಣತಮ್ಮಂದಿರು ಮೂರು ಊರುಗಳಿಗೆ ಚದುರಿದ ಮೇಲೆ ಮೂರು ಮಳೆಗಾಲ ಯಾರೂ ಹತ್ತಲಿಲ್ಲ. ಒಂದು ತೊಲೆ ಕುಂಬಾಯಿತು, ನಡುಮನೆ ಕೂತೇ ಹೋಯಿತು. ದೂರದಲ್ಲಿ ಇರುವವರು ಕಳೆದುಕೊಳ್ಳುವುದು ಹೆಚ್ಚಾಗಿ ಹೀಗೇ. ಬೆಂಕಿ ಬೀಳುವುದಿಲ್ಲ, ಕಳ್ಳ ಬರುವುದಿಲ್ಲ, ವರ್ಷದ ಕೆಲಸವೊಂದು ನಿಂತುಹೋಗುತ್ತದೆ.

ಅಪಾಚೆ ಹುಟ್ಟಿದ್ದೂ ಹೀಗೆ ನೋಡಿಕೊಳ್ಳುವವರಿಂದಲೇ ಅಂತ ಹುಡುಗ ಹೇಳಿದ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಒಂದು ಕೇಂದ್ರದಲ್ಲಿ ಬರೆದ ವೆಬ್ ಸರ್ವರ್ ಒಂದಿತ್ತು. ಅದನ್ನು ಬರೆದವರು 1994ರಲ್ಲಿ ಅಲ್ಲಿಂದ ಹೋದ ಮೇಲೆ ನೋಡಿಕೊಳ್ಳುವವರಿಲ್ಲದಾಯಿತು. ಬಳಸುತ್ತಿದ್ದ ಎಂಟು ಜನ ತಮ್ಮ ತಮ್ಮ ತೇಪೆಗಳನ್ನು ಒಟ್ಟು ಸೇರಿಸಿ 1995ರಲ್ಲಿ ಇದನ್ನು ಹೊರತಂದರು. ತೇಪೆಗೆ ಇಂಗ್ಲಿಷಿನಲ್ಲಿ ಪ್ಯಾಚ್. 'ಅ ಪ್ಯಾಚಿ' ಸರ್ವರ್ ಅಂತ ತಮಾಷೆಯ ಮಾತೂ ಇದೆ. ಇವತ್ತಿಗೂ ಅದನ್ನು ನೋಡಿಕೊಳ್ಳುವವರಲ್ಲಿ ಸ್ವಯಂಸೇವಕರೇ ಹೆಚ್ಚು.

ನಮ್ಮ ದೇಶದಲ್ಲಿ ಇಂಥ ತೂತುಗಳ ಎಚ್ಚರಿಕೆ ಕೊಡುವುದು ಸರ್ಟ್-ಇನ್ ಎಂಬ ಸರ್ಕಾರಿ ಸಂಸ್ಥೆ, 2004ರಿಂದ ಕೆಲಸ ಮಾಡುತ್ತಿದೆ. ಅದರ ಕಚೇರಿ ಇಲ್ಲೇ ಲೋಧಿ ರಸ್ತೆಯ ಸಿಜಿಒ ಸಂಕೀರ್ಣದಲ್ಲಿ. ಬ್ಯಾಂಕಿನ ದಿನಗಳಲ್ಲಿ ಅದರ ಮುಂದೆ ಬಸ್ಸಿನಲ್ಲಿ ಎಷ್ಟೋ ಸಲ ಹೋಗಿದ್ದೆ, ಒಳಗೆ ಏನು ನಡೆಯುತ್ತದೆ ಅಂತ ಗೊತ್ತಿರಲಿಲ್ಲ. ಈಗ ಅವರ ಸೂಚನೆಗಳನ್ನು ವಾರಕ್ಕೊಮ್ಮೆ ಓದುತ್ತೇನೆ, ಹಿಂದೆ ರಿಸರ್ವ್ ಬ್ಯಾಂಕ್ ಸರ್ಕ್ಯುಲರ್ ಓದುತ್ತಿದ್ದ ಹಾಗೆ. 2025ರ ಜುಲೈನಲ್ಲಿ ಮತ್ತೆ ಅದೇ ಕಥೆ: 2.4.64 ಬಂತು, ಅದರಲ್ಲೊಂದು ಎಡವಟ್ಟು ಸಿಕ್ಕಿ ಅದೇ ತಿಂಗಳು 2.4.65 ಬಂತು. ಹುಡುಗ ಈಗ ಪುಣೆಗೆ ಹೋಗಿದ್ದಾನೆ. ಹೊಸದಾಗಿ ಮೈಸೂರಿನ ಒಬ್ಬ ಹುಡುಗಿ ಸೇರಿಕೊಂಡಿದ್ದಾಳೆ. ರಿಜಿಸ್ಟರ್ ಅದೇ.

ನಿಮ್ಮ ಊರಿನ ದೇವಸ್ಥಾನಕ್ಕೆ, ಸಹಕಾರ ಸಂಘಕ್ಕೆ, ಹಳೇ ವಿದ್ಯಾರ್ಥಿಗಳ ಬಳಗಕ್ಕೆ ಒಂದು ವೆಬ್‌ಸೈಟ್ ಇರುತ್ತದೆ. ಅದರಲ್ಲಿ ನಿಮ್ಮ ಫೋನು, ವಿಳಾಸ, ಕೆಲವೊಮ್ಮೆ ಆಧಾರ್ ನಂಬರೂ ಕೂತಿರುತ್ತದೆ. ಕಟ್ಟಿಸಿದವರ ಹೆಸರು ಎಲ್ಲರಿಗೂ ಗೊತ್ತು, ಉದ್ಘಾಟನೆಯ ಫೋಟೋವೂ ಇರುತ್ತದೆ. ಈಗ ಅದನ್ನು ನೋಡಿಕೊಳ್ಳುತ್ತಿರುವವರು ಯಾರು, ಕೊನೆಯ ಸಲ ಕೈಯಾಡಿಸಿದ್ದು ಯಾವಾಗ ಅಂತ ಮುಂದಿನ ಸಭೆಯಲ್ಲಿ ಒಂದು ಮಾತು ಕೇಳಿ.