ಗುರುಪುರದ ಅಟ್ಟದಲ್ಲಿ ಕಂಡ ಕಡತ

ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ಮನೆಯಿದೆ. ಮಣ್ಣುಗೋಡೆಯ, ನಾಡಹೆಂಚಿನ ತೊಟ್ಟಿಮನೆ. ಅದನ್ನು ಕೆಡವಿ ತಾರಸಿ ಮನೆ ಕಟ್ಟುವುದೆಂದು ನಿಶ್ಚಯವಾದಾಗ ಅವರು ದೂರವಾಣಿಯಲ್ಲಿ, “ಅಟ್ಟದಿಂದ ಏನೇನೋ ಇಳಿಸಿದ್ದೇವೆ ಸಾರ್, ಗುಜರಿಗೆ ಹಾಕುವ ಮುನ್ನ ಒಮ್ಮೆ ನೋಡಿಹೋಗಿ” ಎಂದರು. ನಾನು ಉತ್ಸಾಹದಲ್ಲಿ, “ಏನನ್ನೂ ಎಸೆಯಬೇಡಿ. ಭಾನುವಾರ ಬರುತ್ತೇನೆ, ಎಲ್ಲವನ್ನೂ ಸಿದ್ಧಮಾಡಿ ಇಟ್ಟಿರಿ” ಎಂದುಬಿಟ್ಟೆ. ಕನ್ನಡ ಪಾಠ ಹೇಳುತ್ತ ಮೂರು ದಶಕ ಕಳೆದವನು ‘ಸಿದ್ಧಮಾಡಿ’ ಎಂಬ ಪದವನ್ನು ಅಷ್ಟು ಅಜಾಗರೂಕತೆಯಿಂದ ಬಳಸಬಾರದಿತ್ತು.

ಭಾನುವಾರ ಹೋದಾಗ ಜಗಲಿಯ ಮೇಲೆ ಬಿಳಿಯ ಪಂಚೆ ಹಾಸಿ, ಅದರ ಮೇಲೆ ಸಾಮಾನುಗಳನ್ನು ಸಾಲಾಗಿ ಜೋಡಿಸಿದ್ದರು. ಹಿತ್ತಾಳೆಯ ಸೇರು, ಪಾವು, ಗಿಂಡಿ, ಅಡಕತ್ತರಿ, ಬಾಯಿ ಒಡೆದ ಉಪ್ಪಿನಕಾಯಿ ಭರಣಿ, ಒಂದು ಕಂಚಿನ ತಟ್ಟೆಯಲ್ಲಿ 17 ತಾಮ್ರದ ಕಾಸುಗಳು. ಎಲ್ಲವೂ ಆಗಷ್ಟೇ ಟಂಕಸಾಲೆಯಿಂದ ಬಂದಂತೆ ಹೊಳೆಯುತ್ತಿದ್ದವು. ಮನೆಯ ಹಿರಿಯಾಕೆ, ವಿದ್ಯಾರ್ಥಿಯ ಅಜ್ಜಿ, ಹಿಂದಿನ ರಾತ್ರಿ ಹುಣಸೆಹಣ್ಣು ಮತ್ತು ಒಲೆಯ ಬೂದಿಯಿಂದ ಪ್ರತಿಯೊಂದನ್ನೂ ಉಜ್ಜಿ ತೊಳೆದಿದ್ದರು.

ಕಾಸುಗಳನ್ನು ಕೈಗೆತ್ತಿಕೊಂಡೆ. ಹೆಚ್ಚಿನವು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದವು. ಮೂರರಲ್ಲಿ ‘ಮಯಿಲಿ ಕಾಸು’ ಎಂಬ ಕನ್ನಡ ಬರಹವನ್ನು ಬೆರಳ ತುದಿಯಿಂದಲೇ ಓದಬಹುದಿತ್ತು. ಎರಡರ ಮೇಲೆ ಆನೆ, ಅವು ಟಿಪ್ಪುವಿನವಿರಬೇಕು. ಟಿಪ್ಪು ಕೆಲವು ವರ್ಷಗಳ ಬಳಿಕ ಮೌಲೂದಿ ಶಕೆಯನ್ನು ಆರಂಭಿಸಿ, ನಾಣ್ಯಗಳ ಮೇಲೆ ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದನು. ಆದ್ದರಿಂದ ಆನೆಯ ನಾಣ್ಯ ಕಂಡರೆ ವರ್ಷವನ್ನು ತಿರುಗಿಸಿ ಓದುವ ಕುತೂಹಲ ನನಗೆ ಸದಾ ಇದೆ. ಇಲ್ಲಿ ಓದಲು ಅಂಕಿಯೇ ಇರಲಿಲ್ಲ. ತಾಮ್ರದ ಮೇಲೆ ಶತಮಾನದಲ್ಲಿ ಕೂಡುವ ಕಂದು ಪೊರೆಯೇ ಸವೆದ ಅಕ್ಷರಕ್ಕೆ ನೆರಳು ಕೊಟ್ಟು ಅದನ್ನು ಕಾಣಿಸುವುದು. ಹುಣಸೆಯ ಹುಳಿ ಮೊದಲು ತಿನ್ನುವುದು ಆ ಪೊರೆಯನ್ನೇ. ಬೂದಿಯ ಉಜ್ಜಾಟ ಉಳಿದದ್ದನ್ನು ಮುಗಿಸುತ್ತದೆ. ನಾಣ್ಯ ಸಂಗ್ರಾಹಕರು ಉಜ್ಜಿದ ಕಾಸನ್ನು ಕಂಡು ಮುಖ ತಿರುಗಿಸುವುದು ಇದಕ್ಕಾಗಿಯೇ.

ಕಾಸಿನ ನಷ್ಟವನ್ನು ನಾನು ಸಹಿಸಿಕೊಂಡೆ. ಅಂಥವು ಇನ್ನೂ ಸಾವಿರಾರು ಇವೆ. ಸಾಲಿನ ಕೊನೆಯಲ್ಲಿ ಅಂಗೈಗಿಂತ ತುಸು ಅಗಲದ, ಕಪ್ಪಗಿನ, ಬೀಸಣಿಗೆಯಂತೆ ಹಿಂದುಮುಂದಾಗಿ ಮಡಿಸಿದ ಒಂದು ದಪ್ಪ ಕಟ್ಟು ಇತ್ತು. ಅದನ್ನು ಕಂಡಾಗ ಮಾತ್ರ ಎದೆ ಝಲ್ಲೆಂದಿತು. ಅದು ಕಡತ.

ಇಂದು ಕಚೇರಿಗಳಲ್ಲಿ ‘ಕಡತ ವಿಲೇವಾರಿ’ ಎನ್ನುವಾಗ ಯಾರಿಗೂ ಮೂಲ ಕಡತದ ನೆನಪಿರುವುದಿಲ್ಲ. ಹುಣಸೆಬೀಜವನ್ನು ಅರೆದು ಕುದಿಸಿದ ಅಂಟಿಗೆ ಇದ್ದಿಲ ಪುಡಿಯನ್ನು ಬೆರೆಸಿ, ಬಟ್ಟೆಯ ಎರಡೂ ಮೈಗೆ ಬಳಿದು, ಒಣಗಿಸಿ, ಮಡಿಸಿ ಮಾಡಿದ ಪುಸ್ತಕವದು. ಬರೆಯುವುದು ಬಳಪದಿಂದ. ಬೇಡವಾದಾಗ ಅಳಿಸಿ ಮತ್ತೆ ಬರೆಯಬಹುದು; ಮಸುಕಾದರೆ ಮತ್ತೊಮ್ಮೆ ಮಸಿ ಬಳಿಯಬಹುದು. ವರ್ತಕರು, ಶಾನುಭೋಗರು, ಮಠಗಳವರು ಲೆಕ್ಕಪತ್ರಗಳನ್ನು ಇದರಲ್ಲಿಯೇ ಇಟ್ಟರು. ಶೃಂಗೇರಿ ಮಠದ ಕಡತಗಳು ಉಳಿದುಬಂದದ್ದರಿಂದ ಆ ಸಂಸ್ಥಾನದ ಚರಿತ್ರೆಗೆ ಎಷ್ಟು ಬೆಲೆಬಾಳುವ ಆಧಾರಗಳು ಒದಗಿದವೆಂಬುದನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ಹುಣಸೆಯಿಂದಲೇ ಹೆಸರು ಪಡೆದುದೆಂದು ಜನ ಹೇಳುವ ಹುಣಸೂರಿನ ಸೀಮೆಯಲ್ಲಿ, ಅದೇ ಮರದ ಬೀಜ ಕಾಪಾಡಿದ್ದುದನ್ನು ನಾನು ಮಡಿಲಲ್ಲಿಟ್ಟುಕೊಂಡೆ.

ಬಿಚ್ಚಿದೆ. ಮೊದಲ ಮಡಿಕೆ ಖಾಲಿ. ಎರಡನೆಯದೂ ಖಾಲಿ. ಮೂರನೆಯದರಲ್ಲಿ ಬಟ್ಟೆಯ ಎಳೆಗಳ ಜಾಡು ಮಾತ್ರ ಇತ್ತು. ಅಜ್ಜಿ ಪಕ್ಕದಲ್ಲಿ ನಿಂತು ಸಂಭ್ರಮದಿಂದ ಹೇಳಿದರು: “ಮೇಷ್ಟ್ರು ದೊಡ್ಡೋರು, ಧೂಳು ಮೆತ್ಕೊಂಡಿರೋದ ಕೈಗೆ ಕೊಡಕಾಯ್ತದಾ? ಬಿಳೀ ಬಿಳೀ ಕೊಳೆ ಕುಂತಿತ್ತು. ಒದ್ದೆ ಬಟ್ಟೇಲಿ ನಾನೇ ಎರಡೆರಡು ಕಿತ ಒರ್ಸಿವ್ನಿ.”

ಬಿಳಿಯ ಕೊಳೆಯೆಂದು ಅವರು ಕರೆದುದು ಬಳಪದ ಅಕ್ಷರ. ಏನು ಹೇಳುವುದು? ಆಕೆ ಓದು ಬಲ್ಲವರಲ್ಲ. ಆದರೆ ತಪ್ಪು ಅದಲ್ಲ. ಅವರಿಗೆ ಸಿದ್ಧಮಾಡುವುದೆಂದರೆ ತೊಳೆಯುವುದು, ಬರುವವನಿಗೆ ಮಾಡುವ ಮರ್ಯಾದೆ. ಒರೆಸಿಟ್ಟಿರೆಂದು ಹೇಳಿದವನು ನಾನೇ ಆಗಿದ್ದೆ. ವಿದ್ಯಾರ್ಥಿಯ ಮುಖ ಬಿಳಿಚಿತ್ತು, ಅವರಿಗೆ ಅರ್ಥವಾಗಿತ್ತು. ಅಜ್ಜಿಗೆ ಅರ್ಥವಾಗದಿರಲಿ ಎಂದು ನಾನು ಕಣ್ಣಿನಲ್ಲೇ ಬೇಡಿಕೊಂಡೆ.

ಅಂದು ಮನಸ್ಸಿನಲ್ಲಿ ಸುಳಿದುದು ಆರ್. ಶಾಮಶಾಸ್ತ್ರಿಗಳ ಹೆಸರು. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಪ್ಪಿಸಿದ್ದ ಓಲೆಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿರುವುದನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಅದನ್ನು ಅಚ್ಚುಹಾಕಿಸಿದವರು ಅವರು. ಆ ಪಂಡಿತರ ಹೆಸರು ಸಾಮಾನ್ಯವಾಗಿ ಹೇಳಿಕೆಗೆ ಬರುವುದಿಲ್ಲ. ಓಲೆಯನ್ನು ಹರಿಯದೆ, ಹೊಳೆಗೆ ಬಿಡದೆ, ಇದ್ದಂತೆ ತಂದು ಕೊಟ್ಟವರೂ ಶಾಸ್ತ್ರಿಗಳಷ್ಟೇ ದೊಡ್ಡ ಕೆಲಸ ಮಾಡಿದರೆಂದು ನನಗೆ ಈಗ ತೋರುತ್ತದೆ.

ವಿದ್ಯಾರ್ಥಿ ಮೆಲ್ಲನೆ, “ಇದನ್ನೆಲ್ಲ ಸರಕಾರಕ್ಕೆ ಒಪ್ಪಿಸಬೇಕೇ?” ಎಂದು ಕೇಳಿದರು. ನಿಧಿಯ ಕಾನೂನು ನೆಲದಲ್ಲಿ ಹುದುಗಿದ್ದು ಸಿಕ್ಕಾಗಿನದು. ಅಟ್ಟದ ಮೇಲಿನ ಮನೆಯ ಸ್ವತ್ತಿಗೆ ಅದು ಅನ್ವಯಿಸದು. 1972ರ ಪುರಾತನ ವಸ್ತುಗಳ ಅಧಿನಿಯಮದಂತೆ ವಸ್ತುವಿಗೆ 100 ವರ್ಷ, ಸಾಹಿತ್ಯ ಅಥವಾ ಇತಿಹಾಸದ ಮೌಲ್ಯವುಳ್ಳ ಹಸ್ತಪ್ರತಿಗೆ 75 ವರ್ಷ ತುಂಬಿದರೆ ಅದು ಪುರಾತನ ವಸ್ತು. ಖಾಸಗಿಯವರು ಅದನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. ಇಷ್ಟನ್ನು ಹೇಳಿ, ಕಡತವನ್ನು ತಜ್ಞರಿಗೆ ತೋರಿಸಬೇಕಾದರೆ ಮಾನಸಗಂಗೋತ್ರಿಯ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯ ಹಸ್ತಪ್ರತಿ ವಿಭಾಗದಲ್ಲಿ ವಿಚಾರಿಸೋಣವೆಂದೆ. ಬೆಲೆಯ ಪ್ರಶ್ನೆ ಯಾರೂ ಎತ್ತಲಿಲ್ಲ. ಎತ್ತಿದ್ದರೆ ಸೇರು ಪಾವುಗಳೇ ಕಾಸುಗಳಿಗಿಂತ ಹೆಚ್ಚು ಬಾಳುತ್ತಿದ್ದವೇನೋ.

ಊಟದ ಬಳಿಕ ಕಡತವನ್ನು ಬಾಗಿಲಿನ ಬಳಿ ಒಯ್ದು ಓರೆ ಬೆಳಕಿಗೆ ಹಿಡಿದೆ. ಬಳಪ ಹೋಗಿದ್ದರೂ ಒತ್ತಿ ಬರೆದ ಕಡೆ ಗೀರು ಉಳಿದಿತ್ತು. ಒಂದೆಡೆ ‘ಖಂಡುಗ’, ಅದರ ಕೆಳಗೆ ‘ಕೊಳಗ’, ಮುಂದೆ ಒಂದು ಹಾಗದ ಗುರುತು. ಮತ್ತೊಂದು ಮಡಿಕೆಯ ಅಂಚಿನಲ್ಲಿ ‘…ಯ್ಯನ ಬಾಬ್ತು’ ಎಂಬಷ್ಟು. ಯಾವ ಅಯ್ಯ, ಕೊಟ್ಟವನೋ ಕೊಡಬೇಕಾದವನೋ ತಿಳಿಯಲಿಲ್ಲ.

ಈ ಊರಿಗೆ 1970ರ ದಶಕದಲ್ಲಿ ಬಂದು ನೆಲೆಸಿದ ಟಿಬೆಟನ್ನರ ಗ್ಯುದ್ಮೆ ವಿಹಾರ ಅಲ್ಲಿಗೆ ದೂರವಲ್ಲ. ಅವರ ಧರ್ಮಗ್ರಂಥಗಳು ಕಾಗದದವಾದರೂ ಆಕಾರ ನಮ್ಮ ತಾಳೆಯೋಲೆಯದೇ: ಉದ್ದನೆಯ ಬಿಡಿ ಹಾಳೆಗಳು, ಮೇಲೆ ಬಟ್ಟೆಯ ಸುತ್ತು. ಜೈನರಲ್ಲಿಯೂ ಶ್ರುತಪಂಚಮಿಯ ದಿನ ಶಾಸ್ತ್ರದ ಕಟ್ಟುಗಳನ್ನು ಬಿಚ್ಚಿ, ಧೂಳು ಕೊಡವಿ, ಹೊಸ ವಸ್ತ್ರದಲ್ಲಿ ಸುತ್ತಿ ಪೂಜಿಸುವ ಪದ್ಧತಿಯುಂಟು. ವರ್ಷಕ್ಕೊಮ್ಮೆ ಕೈಯಾಡಿಸುವ ಪುಸ್ತಕಕ್ಕೆ ಹುಳು ಬೀಳುವುದು ಕಡಿಮೆ. ಲೆಕ್ಕದ ಕಡತಕ್ಕೆ ಅಂಥ ಹಬ್ಬವನ್ನು ಯಾರೂ ಏರ್ಪಡಿಸಲಿಲ್ಲ.

ಹೊರಡುವ ಮುನ್ನ ಕಟ್ಟಿನ ತುದಿಯನ್ನು ಮತ್ತೊಮ್ಮೆ ನೋಡಿದೆ. ಕೊನೆಯ ನಾಲ್ಕೈದು ಮಡಿಕೆಗಳು ಯಾವುದೋ ಮಳೆಗಾಲದಲ್ಲಿ ಸೋರಿದ ನೀರಿಗೆ ಅಂಟು ಕರಗಿ ಒಂದಕ್ಕೊಂದು ಹತ್ತಿಕೊಂಡಿದ್ದವು. ಒದ್ದೆ ಬಟ್ಟೆ ಅಲ್ಲಿಗೆ ಹೋಗಿರಲಿಲ್ಲ. ವಿದ್ಯಾರ್ಥಿ ಚಾಕು ತರಲು ಎದ್ದರು, ಬೇಡವೆಂದೆ. ಬಲ್ಲವರ ಕೈಯೇ ಅದನ್ನು ಬಿಡಿಸಬೇಕು. ಬಿಡಿಸಿದರೂ ಮಸಿಯೊಡನೆ ಬರಹವೂ ಎದುರು ಮಡಿಕೆಗೆ ಅಂಟಿ ಬಂದೀತು.

ಅಜ್ಜಿ ಅಷ್ಟು ಹೊತ್ತೂ ನಮ್ಮಿಬ್ಬರ ಮುಖಗಳನ್ನೇ ನೋಡುತ್ತಿದ್ದರು. “ಅದ್ರೊಳಗೆ ನಮ್ಮ ಮಾವನ ಕೈಬರಹ ಇದ್ದಾತಾ ಮೇಷ್ಟ್ರೆ?” ಎಂದರು.

“ಇರಬಹುದು ಅಮ್ಮ.”

ಅವರು ಒಳಗೆ ಹೋಗಿ ಹಳೆಯ ಹತ್ತಿಸೀರೆಯ ತುಂಡೊಂದನ್ನು ತಂದರು. ಕಟ್ಟನ್ನು ಎತ್ತಿಕೊಳ್ಳುವ ಮೊದಲು ತಮ್ಮ ಎರಡೂ ಕೈಗಳನ್ನು ಸೆರಗಿನಲ್ಲಿ, ಬೆರಳ ಸಂದುಗಳನ್ನೂ ಬಿಡದೆ, ತೇವ ಹೋಗುವವರೆಗೆ ಒರೆಸಿಕೊಂಡರು.